ಅಮೆರಿಕದ ಮಗಳು ಪಿಸ್ತೂಲು ಕಲಿಯಲು ಹೊರಟರೆ...

ನಿಮ್ಮ ಬೀದಿಯಲ್ಲೇ ಒಮ್ಮೆ ಎಣಿಸಿ ನೋಡಿ. ಹಾಸನವಿರಲಿ, ಶಿವಮೊಗ್ಗವಿರಲಿ, ಗದಗವಿರಲಿ, ಒಬ್ಬರಲ್ಲ ಒಬ್ಬರ ಮನೆಯ ಮಗಳೋ ಸೊಸೆಯೋ ಅಮೆರಿಕದಲ್ಲಿ ಇದ್ದೇ ಇರುತ್ತಾಳೆ. ಭಾನುವಾರ ಬೆಳಗ್ಗೆ ಫೋನಿನಲ್ಲಿ ಮುಖ ತೋರಿಸಿ, ತಿಂಡಿ ಏನು, ಮಳೆ ಬಂತಾ ಎಂದೆಲ್ಲ ವಿಚಾರಿಸಿ, ನಡುವೆ ತಣ್ಣಗೆ "ಅಮ್ಮಾ, ಮುಂದಿನ ಶನಿವಾರ ನಾನು ಪಿಸ್ತೂಲ್ ಕ್ಲಾಸಿಗೆ ಸೇರ್ತಾ ಇದೀನಿ" ಅಂತಾಳೆ ಅನ್ನಿ. ನಿಮ್ಮ ಕೈಯಲ್ಲಿರುವ ಸೌಟು ಕೆಳಗೆ ಬೀಳದಿದ್ದರೆ ಕೇಳಿ!

"ಅಯ್ಯೋ, ಬೇಡ ಕಣೇ" ಎಂದು ಕೂಗಿಕೊಂಡಿರೋ, ಅವಳು ಇನ್ನು ಮುಂದೆ ಇಂಥ ವಿಷಯ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ. ಹೋಗುವವಳು ಹೋಗಿಯೇ ಹೋಗುತ್ತಾಳೆ. ಅದರ ಬದಲು, "ಯಾರು ಕಲಿಸ್ತಾರೆ? ಎಷ್ಟು ಹೊತ್ತು? ಮನೇಲಿ ಅದನ್ನ ಎಲ್ಲಿ ಇಡ್ತೀಯ?" ಎಂದು ಮೂರು ಪ್ರಶ್ನೆ ಕೇಳಿದರೆ ಅವಳೂ ಯೋಚಿಸುತ್ತಾಳೆ, ನಿಮಗೂ ಸಮಾಧಾನ. ಮಗುವಿಗೆ ಸಂಗೀತದ ಮೇಷ್ಟರನ್ನು ಗೊತ್ತು ಮಾಡುವ ಮೊದಲು ಹತ್ತು ಮನೆಯಲ್ಲಿ ವಿಚಾರಿಸುವವರು ನಾವು. ಗುಂಡು ಹಾರಿಸುವುದನ್ನು ಕಲಿಸುವವರನ್ನು ವಿಚಾರಿಸದೆ ಬಿಡಲಾದೀತೇ? ಹಾಗಾಗಿ "ಇದೆಲ್ಲ ನಮಗ್ಯಾಕೆ" ಎಂದು ಪುಟ ಮಗುಚಬೇಡಿ. ಇಂದಲ್ಲ ನಾಳೆ ಬಾಣಂತನಕ್ಕೆಂದು ಆ ಮನೆಗೆ ಹೋಗಿ ಆರು ತಿಂಗಳು ಇರುವವರು ನೀವೇ ತಾನೇ?

ಅಲ್ಲಿನ ರೀತಿಯೇ ಬೇರೆ

ನಮ್ಮಲ್ಲಿ ಮನೆಯಲ್ಲಿ ಕೋವಿ ಎಂದರೆ ಥಟ್ಟನೆ ನೆನಪಾಗುವುದು ಕೊಡಗು. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಆದರೆ ಅದು ಎಲ್ಲರ ಕಣ್ಣಿಗೂ ಬೀಳುವ ಉದ್ದನೆಯ ಕೋವಿ. ಅಮೆರಿಕದ ಮಾತೇ ಬೇರೆ. ಅಂಗೈಯಗಲದ ಪಿಸ್ತೂಲನ್ನು ಬಟ್ಟೆಯ ಒಳಗೆ, ಯಾರಿಗೂ ಕಾಣದಂತೆ ಕಟ್ಟಿಕೊಂಡು ಸಾಮಾನ್ಯ ಜನ ಅಂಗಡಿಗೆ, ಪಾರ್ಕಿಗೆ ಹೋಗಬಹುದು. ಇದಕ್ಕೆ 'ಕನ್ಸೀಲ್ಡ್ ಕ್ಯಾರಿ' ಎಂದು ಹೆಸರು.

ಫ್ಲಾರಿಡ ರಾಜ್ಯ 1987ರಲ್ಲಿ, ಅರ್ಹತೆ ಇದ್ದವರು ಕೇಳಿದರೆ ಇಂಥ ಪರವಾನಗಿ ಕೊಡಲೇಬೇಕು ಎಂದು ಕಾನೂನು ಮಾಡಿತು. ನಂತರ ಒಂದರ ಹಿಂದೊಂದು ರಾಜ್ಯ ಅದೇ ಹಾದಿ ಹಿಡಿಯಿತು. ಟೆಕ್ಸಾಸ್ 1995ರಲ್ಲಿ ಒಪ್ಪಿತು. ಎಲ್ಲರಿಗಿಂತ ಕೊನೆಗೆ ಗುಪ್ತವಾಗಿ ಒಯ್ಯಲು ಅವಕಾಶ ಕೊಟ್ಟದ್ದು ಇಲಿನಾಯ್, 2013ರಲ್ಲಿ. ಈಚೆಗಂತೂ ಪರವಾನಗಿಯೇ ಬೇಡ ಎನ್ನುವ ರಾಜ್ಯಗಳು ಹೆಚ್ಚಾಗಿವೆ. 2024ರ ಹೊತ್ತಿಗೆ ಅವು 29. ಟೆಕ್ಸಾಸ್ ಕೂಡ 2021ರ ಸೆಪ್ಟೆಂಬರ್ 1ರಿಂದ ಈ ಗುಂಪಿಗೆ ಸೇರಿದೆ; ಬೇಕೆಂದವರಿಗೆ ಪರವಾನಗಿಯೂ ಉಂಟು.

ಇದರ ಅರ್ಥ ಗಮನಿಸಿದಿರಾ? ಒಂದು ದಿನವೂ ಪಾಠ ಹೇಳಿಸಿಕೊಳ್ಳದವಳು ಪಿಸ್ತೂಲು ಕಟ್ಟಿಕೊಂಡು ತಿರುಗಬಹುದು! ಇನ್ನೊಂದು ಕಡೆ ಇಲಿನಾಯ್‌ನಲ್ಲಿ 16 ಗಂಟೆಯ ತರಬೇತಿ ಬೇಕೇ ಬೇಕು. ನ್ಯೂಯಾರ್ಕಿನ 2022ರ ಕಾನೂನು 16 ಗಂಟೆ ಪಾಠ, ಅದರ ಮೇಲೆ 2 ಗಂಟೆ ಗುಂಡು ಹಾರಿಸುವ ಅಭ್ಯಾಸ ಕೇಳುತ್ತದೆ. ಟೆಕ್ಸಾಸ್ ಪರವಾನಗಿಗೆ 4ರಿಂದ 6 ಗಂಟೆಯ ಪಾಠ ಸಾಕು. ಒಂದೇ ದೇಶ, ಒಂದೇ ಪಿಸ್ತೂಲು, ಆದರೂ ಇಷ್ಟು ಅಂತರ. ಆದ್ದರಿಂದ "ಕಾನೂನು ಕೇಳುವಷ್ಟು ಕಲಿತಿದ್ದೀನಮ್ಮ" ಎಂದು ಮಗಳು ಹೇಳಿದರೆ ಅದರಿಂದ ಏನೂ ಗೊತ್ತಾದಂತಾಗಲಿಲ್ಲ. ಯಾವ ರಾಜ್ಯ ಎಂದು ಕೇಳಿ.

ಹಾಗೆಯೇ ಒಂದು ರಾಜ್ಯದ ಪರವಾನಗಿ ಇನ್ನೊಂದರಲ್ಲಿ ನಡೆದೇ ನಡೆಯುತ್ತದೆ ಎಂದಿಲ್ಲ. ಟೆಕ್ಸಾಸ್‌ನದನ್ನು ಕ್ಯಾಲಿಫೋರ್ನಿಯ ಒಪ್ಪುವುದಿಲ್ಲ, ನ್ಯೂಯಾರ್ಕ್ ಕೂಡ ಒಪ್ಪುವುದಿಲ್ಲ. ಕಾರು ಹತ್ತಿ ರಜೆಗೆ ಹೊರಟವರು ರಾಜ್ಯದ ಗಡಿ ದಾಟಿದ ಕೂಡಲೆ ಅಪರಾಧಿಗಳಾಗಿಬಿಡಬಹುದು. ಒಳ್ಳೆಯ ಶಿಕ್ಷಕರು ಇದನ್ನು ಮೊದಲ ದಿನವೇ ಹೇಳುತ್ತಾರೆ.

ಕ್ಲಾಸಿಗಿಂತ ಮೊದಲು ವೀಸಾ

ನಮ್ಮವರು ಮುಖ್ಯವಾಗಿ ತಿಳಿಯಬೇಕಾದದ್ದು ಇದು. ಎಚ್-1ಬಿ, ಎಚ್-4, ಎಫ್-1 ಇಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಒಕ್ಕೂಟ ಸರ್ಕಾರದ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಪಡೆದವರಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ವಿನಾಯಿತಿ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. "ನಾನೇನು ಕೊಳ್ಳುತ್ತಿಲ್ಲವಲ್ಲ, ಕ್ಲಾಸಿನಲ್ಲಿ ಬಾಡಿಗೆಗೆ ತಗೊಂಡು ಹಾರಿಸ್ತೀನಿ" ಎಂದರೂ ಬಿಡುವುದಿಲ್ಲ. ಕೈಯಲ್ಲಿ ಹಿಡಿದದ್ದೂ ಇಟ್ಟುಕೊಂಡ ಲೆಕ್ಕವೇ. ಗೆಳತಿಯರೊಂದಿಗೆ ಶನಿವಾರ ಮೋಜಿಗೆಂದು ಹೋಗಿ ವೀಸಾಕ್ಕೇ ಕುತ್ತು ತಂದುಕೊಂಡರೆ, ವರ್ಷಗಟ್ಟಲೆ ಕಟ್ಟಿದ ಸಂಸಾರದ ಗತಿ? ಆದ್ದರಿಂದ ಫೀಸು ಕಟ್ಟುವ ಮುಂಚೆ ವಲಸೆ ಕಾನೂನು ಬಲ್ಲ ವಕೀಲರೊಬ್ಬರನ್ನು ಕೇಳಲಿ. ದಾಖಲೆ ನೋಡದೆ, ವೀಸಾ ವಿಚಾರಿಸದೆ "ಬನ್ನಿ ಬನ್ನಿ" ಎನ್ನುವ ಕ್ಲಾಸು ಒಳ್ಳೆಯ ಕ್ಲಾಸಲ್ಲ.

ಪ್ರವಾಸಿ ವೀಸಾದ ಮೇಲೆ ಹೋದ ನಿಮಗೂ ನಿಮ್ಮ ಯಜಮಾನರಿಗೂ ಇದೇ ಕಾನೂನು. ಅಳಿಯಂದಿರು ರೇಂಜಿಗೆ ಕರೆದೊಯ್ದು "ಮಾವ, ಒಂದು ಸಲ ಹಿಡೀರಿ, ಫೋಟೋ ತೆಗೀತೀನಿ" ಎಂದರೆ ನಗುತ್ತಾ ಕೈ ಕಟ್ಟಿ ನಿಂತರೆ ಸಾಕು.

ಕಲಿಸುವವರನ್ನು ಅಳೆಯುವುದು ಹೇಗೆ?

ಸರ್ಟಿಫಿಕೇಟು ಬೇಕು, ನಿಜ. 1871ರಲ್ಲಿ ಹುಟ್ಟಿದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಶಿಕ್ಷಕರಿಗೆ ಪ್ರಮಾಣಪತ್ರ ಕೊಡುತ್ತದೆ. ಟೆಕ್ಸಾಸ್‌ನಲ್ಲಿ ಪರವಾನಗಿಯ ಪಾಠ ಹೇಳುವವರಿಗೆ ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಯೇ ಮಾನ್ಯತೆ ಕೊಡಬೇಕು. ಮಗಳು ಮೊದಲು ಇದನ್ನು ನೋಡಿಕೊಳ್ಳಲಿ. ಆದರೆ ಬಿ.ಎಡ್. ಮಾಡಿದವರೆಲ್ಲ ಒಳ್ಳೆಯ ಉಪಾಧ್ಯಾಯರೇ? ಗೋಡೆಗೆ ತೂಗುಹಾಕಿದ ಕಾಗದ ಆ ಮನುಷ್ಯನ ತಾಳ್ಮೆ ಎಷ್ಟು, ಬಾಯಿ ಎಂಥದು ಎಂದು ಹೇಳುವುದಿಲ್ಲ.

ಸಮವಸ್ತ್ರ ನೋಡಿ ಮರುಳಾಗುವುದೂ ಬೇಡ. ಪೊಲೀಸಿನಲ್ಲಿದ್ದವರು, ಸೈನ್ಯದಲ್ಲಿದ್ದವರು ಎಂದರೆ ನಮಗೆ ಸಹಜವಾಗಿ ಗೌರವ. 2004ರಲ್ಲಿ ಫ್ಲಾರಿಡದ ಆರ್ಲ್ಯಾಂಡೊ ನಗರದಲ್ಲಿ ಮಾದಕವಸ್ತು ನಿಗ್ರಹ ಇಲಾಖೆಯ ಅಧಿಕಾರಿಯೊಬ್ಬ ಮಕ್ಕಳ ಮುಂದೆ ಬಂದೂಕಿನ ಸುರಕ್ಷತೆಯ ಬಗ್ಗೆಯೇ ಭಾಷಣ ಮಾಡುತ್ತಿದ್ದ. ಈ ಕೋಣೆಯಲ್ಲಿ ಇದನ್ನು ಹಿಡಿಯಬಲ್ಲ ಪರಿಣತ ನಾನೊಬ್ಬನೇ ಎಂಬ ಅರ್ಥದ ಮಾತು ಹೇಳಿದ ಕೆಲವೇ ಕ್ಷಣಗಳಲ್ಲಿ ತನ್ನ ಕಾಲಿಗೆ ತಾನೇ ಗುಂಡು ಹಾರಿಸಿಕೊಂಡ! ಪುಣ್ಯಕ್ಕೆ ಮಕ್ಕಳಿಗೆ ಏನೂ ಆಗಲಿಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಘೋರವಾದದ್ದು. 2014ರ ಆಗಸ್ಟ್‌ನಲ್ಲಿ ಅರಿಜೋನದ ಒಂದು ರೇಂಜಿನಲ್ಲಿ ಒಂಬತ್ತು ವರ್ಷದ ಹುಡುಗಿಯ ಕೈಗೆ ಶಿಕ್ಷಕ ಉಜಿ ಎಂಬ ಸಬ್‌ಮಷೀನ್ ಗನ್ ಕೊಟ್ಟ. ಅದರ ಒದೆತವನ್ನು ಆ ಎಳೆಯ ಕೈಗಳು ತಡೆದಾವೇ? ಗನ್ ಮೇಲಕ್ಕೆ ಚಿಮ್ಮಿತು, ಪಕ್ಕದಲ್ಲಿ ನಿಂತಿದ್ದ ಶಿಕ್ಷಕನೇ ಪ್ರಾಣ ಕಳೆದುಕೊಂಡ. ಅವನಿಗೆ ಬಂದೂಕಿನ ಬಗ್ಗೆ ಗೊತ್ತಿರಲಿಲ್ಲ ಅಂತಲ್ಲ. ಎದುರಿಗೆ ನಿಂತವಳ ಕೈ ಎಷ್ಟು ತಾಳುತ್ತದೆ ಎಂಬ ಅಂದಾಜು ತಪ್ಪಿತು.

ಹಾಗಾಗಿ ನನ್ನ ಸಲಹೆ: ಸೇರುವ ಮೊದಲು ಒಂದು ದಿನ ಸುಮ್ಮನೆ ಹೋಗಿ ಹಿಂದೆ ಕೂತು ಕ್ಲಾಸು ನೋಡಲಿ. ಬೇಡ ಎಂದರೆ ಆ ಕ್ಲಾಸನ್ನೇ ಬಿಡಲಿ. ಜೆಫ್ ಕೂಪರ್ ಎಂಬ ಮಾಜಿ ಸೈನ್ಯಾಧಿಕಾರಿ 1976ರಲ್ಲಿ ಅರಿಜೋನದಲ್ಲಿ ಪಿಸ್ತೂಲಿನ ಶಾಲೆ ತೆರೆದರು. ಅವರು ಪ್ರಚಾರಕ್ಕೆ ತಂದ ನಾಲ್ಕು ನಿಯಮಗಳು ಈಗ ಎಲ್ಲ ಕಡೆಯೂ ನಡೆಯುತ್ತವೆ. ಪ್ರತಿಯೊಂದು ಪಿಸ್ತೂಲಿನಲ್ಲೂ ಗುಂಡು ತುಂಬಿದೆ ಎಂದೇ ತಿಳಿಯಬೇಕು. ನಾಶವಾಗಬಾರದ ಯಾವುದರ ಕಡೆಗೂ ಅದರ ಬಾಯಿ ತಿರುಗಬಾರದು. ಗುರಿ ಕಣ್ಣಿಗೆ ಸಿಗುವ ತನಕ ಕುದುರೆಯ ಮೇಲೆ ಬೆರಳಿಡಬಾರದು. ಗುರಿ ಯಾವುದು, ಅದರ ಹಿಂದೇನಿದೆ ಎಂದು ಖಚಿತವಾಗಿ ಗೊತ್ತಿರಬೇಕು. ಇಷ್ಟೆ. ಕುದುರೆ ಎಂದರೆ ಬೆರಳಿನಿಂದ ಎಳೆಯುವ ಟ್ರಿಗರ್. ಕಲಿಸುವವರು ಮಾತನಾಡುತ್ತಾ ಪಿಸ್ತೂಲನ್ನು ಬೀಸಣಿಗೆಯ ಹಾಗೆ ಆಡಿಸಿದರೆ, "ಖಾಲಿ ಇದೆ ಬಿಡಿ" ಎಂದು ವಿದ್ಯಾರ್ಥಿನಿಯರ ಕಡೆ ತಿರುಗಿಸಿದರೆ, ಚಪ್ಪಲಿ ಮೆಟ್ಟಿ ಹೊರಗೆ ಬರಲಿ. ಕಟ್ಟಿದ ಫೀಸು ಹೋದರೆ ಹೋಗಲಿ.

ಗುಂಡು ಹಾರಿಸುವ ಸಾಲಿನಲ್ಲಿ ಒಬ್ಬ ಶಿಕ್ಷಕರಿಗೆ ಎಷ್ಟು ಜನ ವಿದ್ಯಾರ್ಥಿಗಳು ಎಂದೂ ಕೇಳಬೇಕು. ಹತ್ತು ಹೊಸಬರ ಹಿಂದೆ ಒಬ್ಬರೇ ಓಡಾಡುತ್ತಿದ್ದರೆ ಯಾರ ಬೆರಳು ಎಲ್ಲಿದೆ ಎಂದು ನೋಡುವವರು ಯಾರು? ಯಾರಿಗಾದರೂ ಗಾಯವಾದರೆ ಏನು ವ್ಯವಸ್ಥೆ, ರಕ್ತ ನಿಲ್ಲಿಸುವ ಸಾಮಗ್ರಿ ಅಲ್ಲೇ ಇದೆಯೇ ಎಂದು ಕೇಳಿದರೆ ಒಳ್ಳೆಯ ಶಿಕ್ಷಕರು ಬೇಸರಪಡುವುದಿಲ್ಲ. ಪೆಟ್ಟಿಗೆ ತೆಗೆದು ತೋರಿಸುತ್ತಾರೆ.

ಹೆಂಗಸರಿಗೆ ಕಲಿಸುವ ಬಗೆ

ಅಂಗಡಿಯಲ್ಲೂ ಕ್ಲಾಸಿನಲ್ಲೂ ಹೆಂಗಸರು ಕಂಡ ಕೂಡಲೆ "ನಿಮಗೆ ಈ ಪುಟಾಣಿ ಸಾಕು" ಎಂದು ಹಗುರವಾದ ಚಿಕ್ಕ ರಿವಾಲ್ವರನ್ನು ಮುಂದಿಡುವ ಪರಿಪಾಠವಿದೆ. ನೋಡಲು ಮುದ್ದಾಗಿರುತ್ತದೆ. ಆದರೆ ಪಿಸ್ತೂಲು ಹಗುರವಾದಷ್ಟೂ ಅದರ ಒದೆತ ಕೈಗೆ ಹೆಚ್ಚು ತಾಗುತ್ತದೆ. ಮೊದಲ ದಿನವೇ ನೋವು ತಿಂದವಳು ಹೆದರಿ ಕಣ್ಣು ಮುಚ್ಚಿ ಹಾರಿಸುವುದನ್ನು ಕಲಿಯುತ್ತಾಳೆ. ಮೊದಲು ಸಣ್ಣ ಗುಂಡಿನ, ತುಸು ಭಾರವಾದ ಪಿಸ್ತೂಲಿನಿಂದ ಶುರುಮಾಡಿಸಿ, ಆಮೇಲೆ ನಾಲ್ಕಾರು ಬಗೆಯವನ್ನು ಕೈಗೆ ಕೊಟ್ಟು ಯಾವುದು ಹಿಡಿತಕ್ಕೆ ಬರುತ್ತದೆ ಎಂದು ನೋಡುವವರೇ ನಿಜವಾದ ಮೇಷ್ಟರು. ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಎಳೆಯಬೇಕು. ಅದಕ್ಕೆ ತೋಳಿನ ಬಲಕ್ಕಿಂತ ವಿಧಾನ ಮುಖ್ಯ. ಒಂದು ಕೈಯಿಂದ ಹಿಡಿ ಮುಂದೆ ತಳ್ಳಿ, ಇನ್ನೊಂದರಿಂದ ಮೇಲಿನದನ್ನು ಹಿಂದೆ ಎಳೆದರೆ ಬಿಗಿಯಾದದ್ದೂ ಜಗ್ಗುತ್ತದೆ. "ನಿಮ್ಮ ಕೈಲಾಗಲ್ಲ ಬಿಡಿ" ಎನ್ನುವವರಿಗೆ ಇದನ್ನು ಕಲಿಸಲು ಬರುವುದಿಲ್ಲ ಅಂತಲೇ ಅರ್ಥ.

ನಿಲ್ಲುವ ಭಂಗಿ ತಿದ್ದುವಾಗ ಭುಜ, ಕೈ ಮುಟ್ಟಬೇಕಾಗಬಹುದು. "ಮುಟ್ಟಿ ತೋರಿಸಲೇ?" ಎಂದು ಕೇಳಿ ಮುಟ್ಟುವವರು ಮರ್ಯಾದಸ್ಥರು. ಮುಜುಗರವಾಗುವವರಿಗೆ ಹೆಂಗಸರೇ ನಡೆಸುವ ಕೂಟಗಳೂ ಇವೆ. ಟೆಕ್ಸಾಸ್‌ನಲ್ಲಿ 2011ರಲ್ಲಿ ಶುರುವಾದ 'ಎ ಗರ್ಲ್ ಅಂಡ್ ಎ ಗನ್', ಮರುವರ್ಷ ಆರಂಭವಾದ 'ದಿ ವೆಲ್ ಆರ್ಮ್ಡ್ ವುಮನ್' ಅಂಥವು. ಗಂಡನೇ ಕಲಿಸುತ್ತೇನೆ ಎಂದರೆ? ಗಂಡನ ಹತ್ತಿರ ಸ್ಕೂಟರ್ ಕಲಿಯಲು ಹೋದವರನ್ನು ಕೇಳಿ ನೋಡಿ, ಅವರೇ ಹೇಳುತ್ತಾರೆ!

ಪಾಠದಲ್ಲಿ ಏನಿರಬೇಕು?

ಟೆಕ್ಸಾಸ್ ಪರವಾನಗಿಯ ಪರೀಕ್ಷೆ ಹೀಗಿದೆ: 3, 7 ಮತ್ತು 15 ಗಜ ದೂರದಿಂದ ಒಟ್ಟು 50 ಗುಂಡು, 250 ಅಂಕಕ್ಕೆ 175 ಬಂದರೆ ಪಾಸು. ಮೂರು ಗಜವೆಂದರೆ ಆರು ಗಜದ ಸೀರೆಯ ಅರ್ಧ! ಅಷ್ಟು ಹತ್ತಿರದಲ್ಲಿ, ಅಲುಗಾಡದ ಕಾಗದಕ್ಕೆ, ಹಗಲು ಬೆಳಕಿನಲ್ಲಿ ಹೊಡೆಯುವುದು ದೊಡ್ಡದಲ್ಲ. ಇಲಿನಾಯ್‌ನಲ್ಲಂತೂ 30 ಗುಂಡಿಗೇ ಮುಗಿಯುತ್ತದೆ. ಪಾಸಾದೆನೆಂದು ಪೇಡ ಹಂಚುವ ಮೊದಲು, ಡ್ರೈವಿಂಗ್ ಲೈಸೆನ್ಸ್ ಸಿಕ್ಕ ಮಾರನೆಯ ದಿನ ನಮ್ಮವರು ಹೇಗೆ ಕಾರು ಓಡಿಸುತ್ತಾರೆ ಎಂದು ನೆನೆಸಿಕೊಂಡರೆ ಸಾಕು.

ಟೆಕ್ಸಾಸ್ ಕಾನೂನಿನಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಪಿಸ್ತೂಲಿನ ಬಳಕೆ ಮಾತ್ರವಲ್ಲ, ಪ್ರಾಣ ತೆಗೆಯುವ ಬಲವನ್ನು ಯಾವಾಗ ಪ್ರಯೋಗಿಸಬಹುದೆಂಬ ಕಾನೂನು, ಜಗಳವನ್ನು ಹೊಡೆದಾಟವಿಲ್ಲದೆ ಬಗೆಹರಿಸುವುದು, ಮಕ್ಕಳ ಕೈಗೆ ಸಿಗದಂತೆ ಇಡುವುದು ಇವೂ ಪಾಠದಲ್ಲಿ ಇರಲೇಬೇಕೆಂದು ಅದು ಹೇಳುತ್ತದೆ. ಈ ಭಾಗಗಳನ್ನು ಹತ್ತು ನಿಮಿಷದಲ್ಲಿ ಓಡಿಸಿ, ಉಳಿದ ಹೊತ್ತೆಲ್ಲ ಕಳ್ಳರನ್ನು ಹೊಡೆದುರುಳಿಸಿದ ಕತೆ ಹೇಳುವವರಿಂದ ದೂರವಿರುವುದೇ ಲೇಸು. ಒಂದು ಗುಂಡು ಹಾರಿದ ಮೇಲೆ ಪೊಲೀಸು, ವಕೀಲರು, ಕೋರ್ಟು ಎಲ್ಲ ಬೆನ್ನಿಗೇ ಬರುತ್ತವೆ. ಓಡಿ ತಪ್ಪಿಸಿಕೊಳ್ಳಲು ದಾರಿ ಇದ್ದಾಗ ಓಡಿ ಎಂದು ಹೇಳುವ ಶಿಕ್ಷಕರನ್ನು ಅಂಜುಬುರುಕರು ಎನ್ನಬೇಡಿ.

ವ್ಯಾನಿಟಿ ಬ್ಯಾಗಿನ ಅಪಾಯ

ಸೊಂಟಕ್ಕೆ ಗಟ್ಟಿಯಾದ ಬೆಲ್ಟು, ಕುದುರೆಯನ್ನು ಪೂರ್ತಿ ಮುಚ್ಚುವ ಒರೆ ಬೇಕು. ಹೆಂಗಸರ ಉಡುಪಿನಲ್ಲಿ ಇದು ಕಷ್ಟ. ಹಾಗಾಗಿ ಪಿಸ್ತೂಲಿಗೆಂದೇ ಗುಪ್ತ ಜೇಬು ಹೊಲಿದ ಕೈಚೀಲಗಳು ಮಾರಾಟಕ್ಕಿವೆ. ಆದರೆ ನಮ್ಮ ಕೈಚೀಲ ದಿನಕ್ಕೆ ಎಷ್ಟು ಸಲ ನಮ್ಮ ಕೈಬಿಟ್ಟು ಕುರ್ಚಿಯ ಮೇಲೆ, ತರಕಾರಿ ಗಾಡಿಯಲ್ಲಿ, ಮಗುವಿನ ಪಕ್ಕದಲ್ಲಿ ಕೂರುತ್ತದೆ ಹೇಳಿ? 2014ರ ಡಿಸೆಂಬರ್ ಕೊನೆಯಲ್ಲಿ ಐಡಾಹೊ ರಾಜ್ಯದ ಹೇಡನ್ ಎಂಬ ಊರಿನ ದೊಡ್ಡ ಅಂಗಡಿಯೊಂದರಲ್ಲಿ ಹೀಗೇ ಆಯಿತು. ಸಾಮಾನಿನ ತಳ್ಳುಗಾಡಿಯಲ್ಲಿ ಕೂತಿದ್ದ ಎರಡು ವರ್ಷದ ಗಂಡುಮಗು ಪಕ್ಕದಲ್ಲಿದ್ದ ತಾಯಿಯ ಕೈಚೀಲದೊಳಗೆ ಕೈ ಹಾಕಿತು. ಗುಂಡು ಹಾರಿತು. ಇಪ್ಪತ್ತೊಂಬತ್ತು ವರ್ಷದ ತಾಯಿ ಅಲ್ಲೇ ಸತ್ತಳು. ಆಕೆ ಪರವಾನಗಿ ಇದ್ದವಳು, ಬಂದೂಕು ಹಿಡಿದು ಅಭ್ಯಾಸವಿದ್ದವಳು.

ಮಗಳ ಮನೆಯಲ್ಲಿ ತೊಟ್ಟಿಲಿದ್ದರೆ ಕೈಚೀಲದಲ್ಲಿ ಒಯ್ಯುವುದನ್ನು ಕಲಿಸುವ ಕ್ಲಾಸು ಬೇಡವೇ ಬೇಡ.

ಮನೆಯೊಳಗೂ ಅಷ್ಟೆ. ಗುಂಡು ತೆಗೆದ ಪಿಸ್ತೂಲಿಗೆ ಬೀಗ, ಗುಂಡುಗಳಿಗೆ ಬೇರೆ ಕಡೆ ಬೀಗ: ಇದು ಅಲ್ಲಿನ ಮಕ್ಕಳ ವೈದ್ಯರ ಸಂಘದ ಸಲಹೆ. ಬೀರುವಿನ ಸೀರೆಗಳ ಕೆಳಗೆ, ಅಕ್ಕಿ ಡಬ್ಬದ ಹಿಂದೆ ಬಚ್ಚಿಡುವುದು ಭದ್ರತೆಯಲ್ಲ. ನೀವು ಉಗಾದಿಗೆಂದು ಎತ್ತಿಟ್ಟ ಬೆಲ್ಲವನ್ನು ಮೊಮ್ಮಗ ಹುಡುಕಿ ತೆಗೆಯುವುದಿಲ್ಲವೇ? ಪೊಲೀಸ್ ಠಾಣೆಗಳಲ್ಲೇ ಬಂದೂಕಿಗೆ ಹಾಕುವ ತಂತಿ ಬೀಗವನ್ನು ಪುಕ್ಕಟೆಯಾಗಿ ಕೊಡುವ ಊರುಗಳು ಅಲ್ಲಿ ಬಹಳ. ಇನ್ನೊಂದು ವಿಷಯ: ಪಿಸ್ತೂಲಿನ ಹಿಡಿಯಿಂದ ಗುಂಡಿನ ಮ್ಯಾಗಜೀನ್ ಹೊರತೆಗೆದರೂ ನಳಿಕೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. "ಖಾಲಿ ಮಾಡಿದೆ" ಎಂದುಕೊಂಡು ಆಗುವ ಅನಾಹುತಗಳು ಹುಟ್ಟುವುದು ಇಲ್ಲೇ. ಮನೆಗೆಲಸದಲ್ಲಿ ನಿಮ್ಮ ಕೈಗೆ ಅದು ಸಿಕ್ಕರೆ ಮುಟ್ಟಬೇಡಿ. ಮಗುವನ್ನು ಎತ್ತಿಕೊಂಡು ಕೋಣೆಯಿಂದ ಹೊರಗೆ ಬಂದು ಅವರನ್ನು ಕರೆಯಿರಿ.

ಬಸುರಿ, ಬಾಣಂತಿ ಇದ್ದಾಗ

ಗುಂಡು ಹಾರಿದಾಗ ಸೀಸದ ಪುಡಿ ಗಾಳಿಗೆ ಸೇರುತ್ತದೆ, ಕೈಗೂ ಬಟ್ಟೆಗೂ ಅಂಟುತ್ತದೆ. ಅದು ಹೊಟ್ಟೆಯಲ್ಲಿರುವ ಮಗುವಿಗೂ ಎದೆಹಾಲು ಕುಡಿಯುವ ಮಗುವಿಗೂ ಕೆಟ್ಟದ್ದು. ಶಬ್ದವೂ 140 ಡೆಸಿಬೆಲ್ ದಾಟುತ್ತದೆ. ತಾಯಿಯ ಕಿವಿಗೆ ಮುಚ್ಚಳ ಹಾಕಬಹುದು, ಗರ್ಭದ ಕೂಸಿಗೆ ಹಾಕಲಾದೀತೇ? ಆದ್ದರಿಂದ ಬಸುರಿ, ಬಾಣಂತಿಯರು ರೇಂಜಿಗೆ ಹೋಗದಿರುವುದು ಕ್ಷೇಮ. "ಹೊರಗಡೆ ರೇಂಜು, ಏನೂ ಆಗಲ್ಲ" ಎನ್ನುವ ಶಿಕ್ಷಕರ ಮಾತಿಗಿಂತ ಡಾಕ್ಟರ ಮಾತು ಮೇಲು. ಅಳಿಯ ಹೋಗಿ ಬಂದರೆ ಕೈ, ಮುಖ ಸೋಪಿನಿಂದ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಗೆಯಬೇಡಿ.

ಹೇಳಲು ನಾಲಿಗೆ ತಡೆಯುವ ವಿಷಯ ಇನ್ನೊಂದಿದೆ, ಆದರೂ ಹೇಳಬೇಕು. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿ ತಮಗೆ ತಾವೇ ಗುಂಡಿಕ್ಕಿಕೊಂಡವರು. ಅರ್ಧಕ್ಕಿಂತ ಹೆಚ್ಚು! ಕಳ್ಳನಿಗೆಂದು ತಂದದ್ದು ಮನೆಯವರ ಕೆಟ್ಟ ಗಳಿಗೆಗೆ ಕೈಗೆ ಸಿಗುತ್ತದೆ. ಹೆರಿಗೆಯ ನಂತರ ಮಗಳು ಕಾರಣವಿಲ್ಲದೆ ಅಳುತ್ತಿದ್ದರೆ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಗೋಡೆ ನೋಡುತ್ತಿದ್ದರೆ, ಬಾಣಂತಿ ಸನ್ನಿಯ ಸುಳಿವು ಕಂಡರೆ, ಅಥವಾ ಗಂಡ ಹೆಂಡತಿಯ ಜಗಳ ಕೈ ಎತ್ತುವ ಮಟ್ಟಕ್ಕೆ ಹೋಗಿದ್ದರೆ, ಆ ಮನೆಯಲ್ಲಿ ಪಿಸ್ತೂಲು ಇರಕೂಡದು. ಅಂಥ ಹೊತ್ತಿನಲ್ಲಿ ಅದನ್ನು ಮನೆಯಿಂದ ಹೊರಗೆ ಎಲ್ಲಿ ಭದ್ರವಾಗಿ ಇಡಬಹುದೆಂದು ಹೇಳಿಕೊಡುವ ಶಿಕ್ಷಕರು ಸಿಕ್ಕರೆ ಬಿಡಬೇಡಿ.

ನನ್ನನ್ನು ಕೇಳಿದರೆ, ಮಗಳು ಕ್ಲಾಸಿಗೆ ಹೋಗಲಿ, ಕೊಳ್ಳುವುದನ್ನು ಮಾತ್ರ ತಡೆಯಲಿ. ಪೂರ್ತಿ ಕಲಿತ ಮೇಲೆ, ತನಗೆ ಇದು ಬೇಕೇ, ದಿನವೂ ಇದರ ಭಾರ ಹೊರಲು ಆದೀತೇ ಎಂದು ತಾನೇ ನಿರ್ಧರಿಸಲಿ. ಪಿಸ್ತೂಲನ್ನೂ ಕ್ಲಾಸನ್ನೂ ಒಟ್ಟಿಗೆ ಮಾರುವ ಅಂಗಡಿಯಲ್ಲಿ "ಈಗಲೇ ಕೊಂಡರೆ ಕ್ಲಾಸು ಅರ್ಧ ಬೆಲೆ" ಎಂಬ ಆಸೆ ತೋರಿಸಿದರೆ ಎದ್ದು ಬರಲಿ.

ಕೊನೆಗೆ, ರಜೆಗೆ ಊರಿಗೆ ಬರುವವರಿಗೊಂದು ಮಾತು. ರೇಂಜಿಗೆ ಒಯ್ದ ಚೀಲದ ಮೂಲೆಯಲ್ಲಿ ಒಂದೇ ಒಂದು ಗುಂಡು ಉಳಿದು, ಅದು ನಮ್ಮ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗುತ್ತದೆ. ಗೊತ್ತಿಲ್ಲದೆ ಉಳಿದದ್ದೆಂದು ಮನವರಿಕೆಯಾದಾಗ ನ್ಯಾಯಾಲಯಗಳು ಇಂಥ ಕೇಸುಗಳನ್ನು ರದ್ದುಮಾಡಿದ್ದುಂಟು. ಆದರೆ ಅಷ್ಟರೊಳಗೆ ತಂಗಿಯ ಮದುವೆ ಮುಗಿದು ಬೀಗರು ಊರು ಸೇರಿರುತ್ತಾರೆ. ರೇಂಜಿನ ಚೀಲ ರೇಂಜಿಗೇ ಮೀಸಲಿರಲಿ, ಬೆಂಗಳೂರಿಗೆ ಬೇರೆಯದೇ ಚೀಲ ತರಲು ಈಗಲೇ ಫೋನಿನಲ್ಲಿ ಹೇಳಿಬಿಡಿ.